ಗಿಳಿ ಸತ್ತಿದೆ, ಗೆಳೆಯನೂ

ನಮ್ಮ ನುಡಿನಮನಗಳಲ್ಲಿ ಸತ್ತವರೆಲ್ಲ ಒಂದೇ ಥರ ಇರ್ತಾರೆ. ಸರಳ ಸಜ್ಜನ, ಮೃದುಭಾಷಿ, ಅಜಾತಶತ್ರು. ಅವರ ಅಗಲಿಕೆ ತುಂಬಲಾರದ ನಷ್ಟ. ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತೆ. ಅದಕ್ಕೇ ಜಾನ್ ಕ್ಲೀಸ್ ತನ್ನ ಗೆಳೆಯ ಗ್ರಹಾಂ ಚಾಪ್ಮನ್ ಬಗ್ಗೆ ಆಡಿದ ಚರಮನುಡಿಯ ವಿಡಿಯೋವನ್ನು ನಾನು ಮತ್ತೆ ಮತ್ತೆ ನೋಡ್ತೀನಿ.

ಇಬ್ಬರೂ ಬ್ರಿಟನ್ನಿನ ಹಾಸ್ಯ ತಂಡ ಮಾಂಟಿ ಪೈಥಾನ್‌ನವರು, ಜೊತೆಗೆ ಕೂತು ಬರೆಯುತ್ತಿದ್ದವರು. 1989ರ ಅಕ್ಟೋಬರ್ 4ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಚಾಪ್ಮನ್‌ಗೆ ಬರೀ 48. ತಂಡದ ಮೊದಲ ಟಿವಿ ಕಾರ್ಯಕ್ರಮಕ್ಕೆ ಮರುದಿನ 20 ವರ್ಷ ತುಂಬೋದಿತ್ತು. ಆ ಡಿಸೆಂಬರಿನ ಸ್ಮರಣಸಭೆಯಲ್ಲಿ ಕ್ಲೀಸ್ ಗಂಭೀರವಾಗಿ ನಿಂತು, ಗೆಳೆಯ ಇನ್ನಿಲ್ಲ ಅನ್ನೋದನ್ನೇ ಬೇರೆ ಬೇರೆ ಮಾತಲ್ಲಿ ಹೇಳ್ತಾ ಹೋಗ್ತಾನೆ. ಅವೆಲ್ಲ ‘ಸತ್ತ ಗಿಳಿ’ ಪ್ರಹಸನದ ಮಾತುಗಳು! ಅಂಗಡಿಯವನು ಮಾರಿದ ಗಿಳಿ ಸತ್ತಿದೆ ಅಂತ ಗಿರಾಕಿ ಜಗಳ ಕಾಯುವ ಆ ಪ್ರಹಸನ ಬರೆದವರು ಇವರಿಬ್ಬರೇ. ಆಮೇಲೆ ಒಂದಿಷ್ಟು ಹೊಗಳಿಕೆ, ಹಿಂದೆಯೇ ಬೈಗುಳ. ಸಪ್ಪೆ ಸಭ್ಯತೆ ತೋರಿಸಿದ್ರೆ ಚಾಪ್ಮನ್ ಸುಮ್ಮನೆ ಬಿಡ್ತಿರಲಿಲ್ಲ ಅನ್ನೋದು ಅವನ ಸಮಜಾಯಿಷಿ.

ನೋಡಿದವರು ‘ಎಂಥಾ ಧೈರ್ಯ’ ಅಂತಾರೆ. ನನಗೆ ಹಾಗನ್ನಿಸಲ್ಲ. ಬೈಗುಳ ಈಗ ಯಾವ ಸ್ಟ್ಯಾಂಡಪ್‌ನಲ್ಲಾದರೂ ಸಿಗುತ್ತೆ. ಭಾಷಣದಲ್ಲಿ ಹಳಸಿರೋದೂ ಅದೇ ಭಾಗ. ಗಿಳಿ ಮಾತ್ರ ಇನ್ನೂ ತಾಜಾ. ಆ ಮಾತುಗಳಲ್ಲಿ ಸತ್ತವನದೇ ಪಾಲಿದೆ, ಇನ್ನೊಬ್ಬರ ಸಾವಿಗೆ ಅವು ಹೊಂದಲ್ಲ. ಲಿಂಕ್ ಫಾರ್ವರ್ಡ್ ಮಾಡಬಹುದು, ಭಾಷಣ ಕಾಪಿ ಹೊಡೆಯೋಕಾಗಲ್ಲ.

ಕ್ಲೀಸ್‌ಗೆ ಒಂದು ಅನುಕೂಲ ಇತ್ತು ಅನ್ನಿ. ಸಭೆ ತುಂಬಾ ಅವರ ಜೋಕು ಗೊತ್ತಿದ್ದವರೇ. ಎರಿಕ್ ಐಡಲ್ ಅಲ್ಲಿ ‘ಲೈಫ್ ಆಫ್ ಬ್ರಯಾನ್’ ಸಿನಿಮಾದ ಹಾಡು ಎತ್ತಿಕೊಂಡಾಗ ಉಳಿದವರೂ ದನಿಗೂಡಿಸಿದರು. ನಮ್ಮಲ್ಲಿ ಎದುರಿಗೆ ಕೂರೋರು ಬೀಗರು, ಆಫೀಸಿನವರು, ಊಟಕ್ಕೆ ಹೊತ್ತಾಯ್ತು ಅಂತ ಗಡಿಯಾರ ನೋಡೋರು. ಅಜ್ಜಿಯ ವೈಕುಂಠ ಸಮಾರಾಧನೆ ದಿನ ಎರಡು ಮಾತಾಡು ಅಂದ್ರು. ಸೀರಿಯಲ್ ಹೊತ್ತಿಗೆ ಫೋನ್ ಬಂದ್ರೆ ಅಜ್ಜಿ ಹಲೋ ಬದಲು ‘ಯಾರು ಹೋದ್ರೀಗ?’ ಅಂತ ಕೇಳೋರು, ಅದನ್ನೂ ಬರೆದುಕೊಂಡಿದ್ದೆ. ದೊಡ್ಡತ್ತೆ ಓದಿ, “ಇದು ಬೇಡ ಕಣೋ, ಬೀಗರೆಲ್ಲ ಬಂದಿರ್ತಾರೆ” ಅಂದ್ರು. ನಾನು ಹೊಡೆದುಹಾಕಲಿಲ್ಲ. ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ನಕ್ಕರು, ದೊಡ್ಡತ್ತೆ ಬಿಕ್ಕಿದರು. ಚಿಕ್ಕಪ್ಪ ಮಾತ್ರ ಊಟ ಮುಗಿಯೋವರೆಗೂ ನನ್ನ ಮುಖ ನೋಡಲಿಲ್ಲ.