ಎಕ್ಸೆಲ್ ಆಫೀಸಿಗೆ, ಪಿಪಿಟಿ ಕ್ಲಾಸಿಗೆ

ಸರ್ಕಾರಿ ಹೈಸ್ಕೂಲಿನ ಕಂಪ್ಯೂಟರಿನಲ್ಲಿ ಏನೇನಿರುತ್ತೆ ಅಂತ ಯಾವತ್ತಾದರೂ ತೆರೆದು ನೋಡಿದ್ದೀರಾ? ನನಗೆ ಆ ಯೋಗ ವರ್ಷಕ್ಕೆ ಎರಡು ಮೂರು ಸಲ ಬರುತ್ತೆ. ಕಮಲಾಪುರದ ಕಡೆ ನಮ್ಮೂರಿಗೆ ಹೋದಾಗಲೆಲ್ಲ ಯಾರಾದರೊಬ್ಬ ಮಾಸ್ತರರು "ಇಂಜಿನಿಯರ್ ಬಂದಾನ, ಜರಾ ಸಿಸ್ಟಮ್ ನೋಡಪಾ" ಅಂತ ಕರೀತಾರೆ. ಹೋಗಿ ನೋಡಿದರೆ ಡೆಸ್ಕ್‌ಟಾಪಿನ ಮೇಲೆ ಎರಡು ಫೋಲ್ಡರು. ಒಂದರ ತುಂಬ ಪಿಪಿಟಿ, ಅವು ಮಕ್ಕಳಿಗೆ. ಇನ್ನೊಂದರ ತುಂಬ ಎಕ್ಸೆಲ್ ಶೀಟು, ಅವು ಬಿಇಒ ಆಫೀಸಿಗೆ. ಹಾಜರಾತಿ, ಸಮವಸ್ತ್ರ, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಪರೀಕ್ಷೆಯಲ್ಲಿ ಪಾಸಾದವರೆಷ್ಟು, ಎಲ್ಲ ಆ ಎರಡನೇ ಫೋಲ್ಡರಿನಲ್ಲಿ.

ಈ ಹಂಚಿಕೆ ಉಲ್ಟಾ ಆಗಿದೆ ಅನ್ನೋದು ನನ್ನ ತಕರಾರು. ಕ್ಲಾಸಿಗೆ ಹೋಗಬೇಕಾದ್ದು ಎಕ್ಸೆಲ್. ಪಿಪಿಟಿ ಬೇಕಿದ್ದರೆ ಬಿಇಒ ಆಫೀಸಿಗೆ ಹೋಗಲಿ.

ಹುಟ್ಟಿದ ಜಾಗ ನೋಡಿದರೂ ಇದು ಸರಿ. ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ, ಮೊದಲು ಮ್ಯಾಕಿಂಟಾಶ್ ಕಂಪ್ಯೂಟರಿಗೆ. ಮಾಡಿದ್ದು ಫೋರ್‌ಥಾಟ್ ಅನ್ನೋ ಚಿಕ್ಕ ಕಂಪನಿ. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಅದನ್ನು ರೂಪಿಸುವಾಗ ಅವರ ಕಣ್ಣ ಮುಂದೆ ಇದ್ದದ್ದು ಕಂಪನಿಗಳ ಮೀಟಿಂಗ್ ರೂಮು. ಮ್ಯಾನೇಜರುಗಳು ಓವರ್‌ಹೆಡ್ ಪ್ರೊಜೆಕ್ಟರಿನ ಮೇಲೆ ಇಡುವ ಹಾಳೆಗಳನ್ನು ಸುಲಭವಾಗಿ ತಯಾರಿಸಿಕೊಳ್ಳಲಿ ಅಂತ ಮಾಡಿದ್ದು. ಅಂದರೆ ಮೊದಲೇ ತೀರ್ಮಾನ ಮಾಡಿಕೊಂಡು ಬಂದವನು ಎದುರಿಗೆ ಕೂತವರನ್ನು ಒಪ್ಪಿಸುವ ಸಾಧನ.

ಸ್ಪ್ರೆಡ್‌ಶೀಟಿನ ಕಥೆ ಬೇರೆ. 1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಅನ್ನೋ ಹುಡುಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಕ್ಲಾಸಿನಲ್ಲಿ ಕೂತಿದ್ದ. ಪ್ರೊಫೆಸರು ಬೋರ್ಡಿನ ಮೇಲೆ ಲೆಕ್ಕದ ಕೋಷ್ಟಕ ಬರೆದಿದ್ದರು. ಎಲ್ಲೋ ಒಂದು ಅಂಕಿ ತಿದ್ದಿದರೆ ಅದನ್ನು ನೆಚ್ಚಿಕೊಂಡ ಎಲ್ಲ ಅಂಕಿಗಳನ್ನೂ ಅಳಿಸಿ ಮತ್ತೆ ಬರೆಯಬೇಕು. ಒಂದು ತಿದ್ದಿದರೆ ಉಳಿದವು ತಾವೇ ತಿದ್ದಿಕೊಳ್ಳುವ ಬೋರ್ಡು ಇದ್ದರೆ ಹೇಗೆ ಅಂತ ಅವನಿಗೆ ಅನ್ನಿಸಿತು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅವನು ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಲೋಟಸ್, ಎಕ್ಸೆಲ್, ಲಿಬ್ರೆಆಫೀಸಿನ ಕ್ಯಾಲ್ಕ್ ಎಲ್ಲ ಅದರ ಸಂತಾನ. ಕ್ಲಾಸಿನ ಕರಿ ಹಲಗೆ ನೋಡಿ ಹುಟ್ಟಿದ ವಸ್ತುವನ್ನು ನಾವು ಗುಮಾಸ್ತನ ಟೇಬಲ್ಲಿಗೆ ಕಳಿಸಿ, ಮೀಟಿಂಗ್ ರೂಮಿನದನ್ನು ತಂದು ಮಕ್ಕಳ ಮುಂದೆ ಕೂರಿಸಿದ್ದೇವೆ.

ಈಗ ಮೊದಲನೇ ಫೋಲ್ಡರಿನ ಒಂದು ಪಿಪಿಟಿ ತೆಗೆಯೋಣ. ಹತ್ತನೇ ಕ್ಲಾಸಿನ ವಿಜ್ಞಾನ, ಜೀವಕ್ರಿಯೆಗಳು ಪಾಠ. ಮೊದಲ ಸ್ಲೈಡಿನಲ್ಲಿ ಗುಲಾಬಿ ಹೂ ಅರಳುತ್ತೆ, 'ಸ್ವಾಗತ' ಅಂತ ಅಕ್ಷರಗಳು ಒಂದೊಂದಾಗಿ ತಿರುಗುತ್ತಾ ಬಂದು ಬೀಳುತ್ತವೆ. ಎರಡನೆಯದರಲ್ಲಿ ಶಾಲೆಯ ಹೆಸರು, ಶಿಕ್ಷಕರ ಹೆಸರು. ಮೂರರಿಂದ ಶುರುವಾಗಿ ಕೊನೆಯವರೆಗೆ ಪಠ್ಯಪುಸ್ತಕದ ಪ್ಯಾರಾಗಳೇ, ಪ್ರತಿ ವಾಕ್ಯದ ಮುಂದೆ ಒಂದು ಚುಕ್ಕೆ ಇಟ್ಟದ್ದಷ್ಟೇ ಫರಕು. ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ. ಕೊನೆಗೆ ಕೈಮುಗಿದ ಚಿತ್ರ, 'ಧನ್ಯವಾದಗಳು'. ಮೂವತ್ತೆರಡು ಸ್ಲೈಡು, ನಲವತ್ತು ನಿಮಿಷದ ಪಿರಿಯಡ್ಡು. ಲೆಕ್ಕ ಹಾಕಿ, ಒಂದು ಸ್ಲೈಡಿಗೆ ಒಂದೂಕಾಲು ನಿಮಿಷ.

ಗುಲಾಬಿ ಹೂವಿಗೆ ನಾನು ನಗೋದಿಲ್ಲ. ನಮ್ಮ ಕಂಪನಿಯ ಡೆಕ್‌ಗಳಲ್ಲಿ ಅದೇ ಜಾಗದಲ್ಲಿ ಹ್ಯಾಂಡ್‌ಶೇಕ್ ಮಾಡುವ ಇಬ್ಬರ ಫೋಟೋ ಇರುತ್ತೆ. ನನ್ನ ಪ್ರಶ್ನೆ ಬೇರೆ: ಮಾಸ್ತರರು ಬೋರ್ಡಿನ ಮೇಲೆ ಬರೆಯುವಾಗ ಸಿಗುತ್ತಿದ್ದ ಏನು ಇಲ್ಲಿ ಹೋಯಿತು? ಒಂದು, ವೇಗ. ಬರೆಯುವ ಕೈಯೂ ನೋಡಿ ಬರೆದುಕೊಳ್ಳುವ ಕೈಯೂ ಹೆಚ್ಚುಕಡಿಮೆ ಒಂದೇ ನಡಿಗೆಯಲ್ಲಿ ಹೋಗುತ್ತವೆ. ಸ್ಲೈಡು ಒಮ್ಮೆಗೇ ಹನ್ನೊಂದು ಸಾಲು ಎದುರಿಗೆ ತಂದು ನಿಲ್ಲಿಸುತ್ತೆ. ಹಿಂದಿನ ಬೆಂಚಿನ ಹುಡುಗಿ ನಾಲ್ಕನೇ ಸಾಲಿಗೆ ಬರೋದರೊಳಗೆ ಮುಂದಿನದು ಬಂದಿರುತ್ತೆ. ಎರಡು, ಹಿಂದಿನ ಹೆಜ್ಜೆ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಬೋರ್ಡಿನ ಮೇಲೆ ಮಾಡಿದರೆ ಕೊನೇ ಸಾಲಿಗೆ ಬಂದಾಗಲೂ ಮೊದಲ ಸಾಲು, ಚಿತ್ರ, ನಡುವೆ ಎಳೆದ ಗೆರೆ ಎಲ್ಲ ಕಣ್ಣ ಮುಂದೆಯೇ ಇರುತ್ತವೆ. ಸ್ಲೈಡಿನಲ್ಲಿ ಚಿತ್ರ ಏಳನೆಯದರಲ್ಲಿ, ಅದರ ಬಗ್ಗೆ ಮಾತು ಒಂಬತ್ತನೆಯದರಲ್ಲಿ. ಮೂರು, ತಡವರಿಸುವುದು. ಮಾಸ್ತರರು ಒಂದು ಕ್ಷಣ ನಿಂತು, ಅಳಿಸಿ, ಬೇರೆ ದಾರಿ ಹಿಡಿದಾಗ ಮಕ್ಕಳಿಗೆ ಲೆಕ್ಕ ಮಾಡೋದು ಅಂದ್ರೆ ಏನು ಅಂತ ಗೊತ್ತಾಗುತ್ತೆ. ಪಿಪಿಟಿ ಯಾವತ್ತೂ ತಡವರಿಸೋದಿಲ್ಲ.

ಚುಕ್ಕೆ ಸಾಲುಗಳ ಬಗ್ಗೆ ಎಡ್ವರ್ಡ್ ಟಫ್ಟಿ 2003ರಲ್ಲೇ ಒಂದು ಖಡಕ್ ಪ್ರಬಂಧ ಬರೆದ. ಅದೇ ವರ್ಷ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಜನ ಕೊಲಂಬಿಯಾ ನೌಕೆಯಲ್ಲಿ ಸತ್ತರು. ನೌಕೆಗೆ ಬಡಿದ ಫೋಮ್ ತುಂಡಿನ ಅಪಾಯವನ್ನು ಇಂಜಿನಿಯರುಗಳು ಮೇಲಿನವರಿಗೆ ತಿಳಿಸಿದ್ದು ಪಿಪಿಟಿಯಲ್ಲಿ. ಬಡಿದ ತುಂಡು ಪ್ರಯೋಗದಲ್ಲಿ ಬಳಸಿದ್ದಕ್ಕಿಂತ 640 ಪಟ್ಟು ದೊಡ್ಡದು ಅನ್ನೋದಕ್ಕೆ ಬೇಕಾದ ಅಂಕಿಗಳು ಸ್ಲೈಡಿನ ತಳದಲ್ಲಿ, ಒಂದು ಸಣ್ಣ ಚುಕ್ಕೆಯ ಮುಂದೆ ಇದ್ದವು. ತಲೆಬರಹ ಮಾತ್ರ ಧೈರ್ಯ ಹೇಳುವಂತಿತ್ತು. ತನಿಖಾ ಮಂಡಳಿಯ ವರದಿಯೂ ಈ ಅಭ್ಯಾಸವನ್ನು ಟೀಕಿಸಿತು. ರಾಕೆಟ್ ಇಂಜಿನಿಯರುಗಳ ಕೈಯಲ್ಲೇ 'ಯಾಕೆಂದರೆ', 'ಆದ್ದರಿಂದ'ಗಳನ್ನು ನುಂಗಿದ ಸಾಧನ ಹತ್ತನೇ ಕ್ಲಾಸಿನಲ್ಲಿ ಉಗುಳುತ್ತಾ?

ಹಾಗಂತ ಪ್ರೊಜೆಕ್ಟರನ್ನೇ ಒಗೆಯಿರಿ ಅನ್ನೋದಿಲ್ಲ. ಹೃದಯದ ಕವಾಟ ಮುಚ್ಚಿ ತೆರೆಯೋದು, ಭೂಪಟ, ಜ್ವಾಲಾಮುಖಿ, ಇವನ್ನು ಚಾಕ್‌ಪೀಸಿನಲ್ಲಿ ತೋರಿಸೋದು ಕಷ್ಟ. ಒಂದು ಚಿತ್ರ, ಅಕ್ಷರ ಒಂದೂ ಬೇಡ, ಮಾತು ಮಾಸ್ತರರದ್ದು: ಅಂಥ ಸ್ಲೈಡು ನನಗೂ ಬೇಕು. ಆದರೆ ಪರದೆ ಕಾಣಬೇಕಂದ್ರೆ ಕಿಟಕಿ ಮುಚ್ಚಬೇಕು. ಮಾರ್ಚಿನ ಕಲಬುರಗಿಯಲ್ಲಿ, ಫ್ಯಾನೂ ಪ್ರೊಜೆಕ್ಟರೂ ಒಂದೇ ಕರೆಂಟನ್ನು ಕಾಯುವ ಕೋಣೆಯಲ್ಲಿ ಐವತ್ತು ಮಕ್ಕಳನ್ನು ಕೂರಿಸಿ ಕಿಟಕಿ ಮುಚ್ಚಿ ನೋಡಿ.

ಇನ್ನು ಇವನ್ನು ತಯಾರಿಸೋದು ಎಲ್ಲಿ? ಎಷ್ಟೋ ಸಲ ಶಾಲೆಯಲ್ಲಲ್ಲ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಝೆರಾಕ್ಸ್ ಅಂಗಡಿಯಿದೆ. ರೈಲು ತಡವಾದಾಗ ನಾನು ಟಿಕೆಟ್ ಪ್ರಿಂಟು ತೆಗೆಸಿಕೊಂಡು ಅಲ್ಲೇ ನಿಲ್ಲೋದುಂಟು. ಲಗ್ನಪತ್ರಿಕೆ, ಬಾಂಡು, ಪ್ರಶ್ನೆಪತ್ರಿಕೆ, ಬಿ.ಎಡ್. ಪ್ರಾಜೆಕ್ಟು, ಪಿಪಿಟಿ ಎಲ್ಲ ಒಬ್ಬನೇ ಹುಡುಗ ಮಾಡಿಕೊಡ್ತಾನೆ. ಒಮ್ಮೆ ಒಬ್ಬ ಮೇಡಂ ಪೆನ್‌ಡ್ರೈವ್ ಕೊಟ್ಟರು. ಫೈಲು ತೆರೆದರೆ ಕನ್ನಡ ಇದ್ದ ಕಡೆಯೆಲ್ಲ ಕೊಂಬು ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳ ರಾಶಿ.

"ಮನ್ಯಾಗ ಚಲೋ ಕಾಣ್ತಿತ್ತಲ್ರಿ!"

"ಇಲ್ಲಿ ಆ ಫಾಂಟ್ ಇಲ್ರಿ ಮೇಡಂ. ಹಾಕ್ತೀನಿ, ಕೂಡ್ರಿ."

ಅದು ನುಡಿಯ ಹಳೇ ಫಾಂಟಿನ ಫೈಲು. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ, ಅದಕ್ಕೂ ಮುಂಚೆ 1998ರಲ್ಲಿ ಬಂದ ಬರಹ, ಇವೆರಡರಿಂದಲೇ ನಾವೆಲ್ಲ ಕಂಪ್ಯೂಟರಿನಲ್ಲಿ ಕನ್ನಡ ಕಂಡದ್ದು. ಆ ಋಣ ದೊಡ್ಡದು. ಆದರೆ ಯೂನಿಕೋಡಿಗೆ ಮೊದಲಿನ ಆ ಫಾಂಟುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಒಳಗೆ ಇರೋದು ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ಅಂಗಿ. ಫಾಂಟು ಇಲ್ಲದ ಕಡೆ ಅಂಗಿ ಕಳಚಿಹೋಗುತ್ತೆ. ಎಕ್ಸೆಲ್ಲಿನಲ್ಲಿ ಮಕ್ಕಳ ಹೆಸರನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಅದು ಆ ಇಂಗ್ಲಿಷ್ ಸಂಕೇತಗಳನ್ನು ಹಿಡಿದು ಜೋಡಿಸುತ್ತೆ, ಹುಡುಕಿದರೆ ಸಿಗೋದಿಲ್ಲ. ಪಿಪಿಟಿಯಲ್ಲಿ ಇದು ಬರೀ ನೋಟದ ತೊಂದರೆ. ಎಕ್ಸೆಲ್ಲಿನಲ್ಲಿ ಕೆಲಸವೇ ಕೆಡುತ್ತೆ. ಹಳೇ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸೋ ಸಾಧನಗಳು ಪುಕ್ಕಟೆ ಸಿಗುತ್ತವೆ. ಶನಿವಾರ ಊರಿನ ಶಾಲೆಗೆ ಏನಾದರೂ ಮಾಡಬೇಕು ಅನ್ನೋ ಟೆಕ್ಕಿಗಳಿಗೆ ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ. ಆದರೆ ಇದರಲ್ಲಿ ಫೋಟೋ ಚೆನ್ನಾಗಿ ಬರೋದಿಲ್ಲ. ಸಿಎಸ್‌ಆರ್ ದುಡ್ಡಿನ ಪ್ರೊಜೆಕ್ಟರಿಗೆ ರಿಬ್ಬನ್ ಕಟ್ಟಬಹುದು, ಫಾಂಟಿಗೆ ಕಟ್ಟೋಕಾಗಲ್ಲ.

ಎಕ್ಸೆಲ್ ಕ್ಲಾಸಿಗೆ ಬಂದರೆ ಏನಾಗುತ್ತೆ ಅನ್ನೋದನ್ನು ಒಂದು ಪಾಠದಲ್ಲಿ ಕಂಡೆ. ಗೆಳೆಯನೊಬ್ಬ ನಮ್ಮ ತಾಲೂಕಿನಲ್ಲೇ ಗಣಿತದ ಮಾಸ್ತರ. ಸಂಖ್ಯಾಶಾಸ್ತ್ರ ಅಧ್ಯಾಯ ನಡೆದಿತ್ತು, ಸರಾಸರಿ ಮತ್ತು ಮಧ್ಯಾಂಕ. ಸೂತ್ರ ಮಕ್ಕಳಿಗೆ ಬಾಯಿಪಾಠ ಬರ್ತಿತ್ತು, ಎರಡೂ ಯಾಕೆ ಬೇಕು ಅನ್ನೋದು ಗೊತ್ತಿರಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಒಂದು ಕಾಲಮ್ ಮಾಡಿ ಹತ್ತು ಮನೆಗಳ ಹೊಲ ಬರೆಸಿದ. ಒಂಬತ್ತು ಮನೆಗೆ ಎರಡೆರಡು ಎಕರೆ, ಹತ್ತನೇ ಮನೆ ಗೌಡರದ್ದು, 42 ಎಕರೆ. ಕೆಳಗೆ ಸರಾಸರಿ 6 ಎಕರೆ ಅಂತ ಬಂತು, ಮಧ್ಯಾಂಕ 2. ಆಮೇಲೆ ಒಬ್ಬ ಹುಡುಗನನ್ನು ಕರೆದು, ಗೌಡರ ಹೊಲ ಹೆಚ್ಚಿಗಿ ಮಾಡು ಅಂದ. ಅವನು 42 ಅಳಿಸಿ 92 ಒತ್ತಿದ. ಸರಾಸರಿ 11ಕ್ಕೆ ಹಾರಿತು. ಮಧ್ಯಾಂಕ ಅಲ್ಲೇ, 2.

"ಸರ್, ಗೌಡ್ರು ಹೊಲ ತಗೊಂಡ್ರ ನಮ್ ಊರಿನ ಸರಾಸರಿ ಏರ್ತದ. ನಮಗೇನ್ ಬರ್ತದ್ರಿ?"

ತಲಾ ಆದಾಯ, ಜಿಡಿಪಿ ಅಂತ ನಾವು ಟ್ವಿಟರಿನಲ್ಲಿ ಕಿತ್ತಾಡೋದೆಲ್ಲ ಆ ಪ್ರಶ್ನೆಯೊಳಗೇ ಇದೆ. ಮೂವತ್ತೆರಡು ಸ್ಲೈಡಿನ ಯಾವ ಪಿಪಿಟಿಯೂ ಆ ಹುಡುಗನ ಬಾಯಿಂದ ಇದನ್ನು ಕೇಳಿಸ್ತಿರಲಿಲ್ಲ, ಯಾಕಂದ್ರೆ ಸ್ಲೈಡಿನಲ್ಲಿ ಅಂಕಿ ತಿದ್ದೋದಕ್ಕೆ ಆಗೋದಿಲ್ಲ. ಮರುದಿನ ಬಡ್ಡಿ ಲೆಕ್ಕ ಮಾಡಿಸಿದ್ದನಂತೆ. ಹತ್ತು ಸಾವಿರ ಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಬಡ್ಡಿಗೆ ಬಡ್ಡಿ. 36ನೇ ತಿಂಗಳಿಗೆ 28,983 ರೂಪಾಯಿ. ಮೂರರ ಜಾಗದಲ್ಲಿ ಎರಡು ಒತ್ತಿದರೆ 20,399. ಒಂದು ರೂಪಾಯಿ ಫರಕಿಗೆ ಎಂಟೂವರೆ ಸಾವಿರ. ಮನೆಗೆ ಹೋಗಿ ಇದನ್ನು ಅಪ್ಪನ ಮುಂದೆ ಹೇಳಿದವರು ಇಬ್ಬರು ಮೂವರಾದರೂ ಇದ್ದಾರು.

ಈ ದಾರಿ ಹೊಸದೇನೂ ಅಲ್ಲ. 2011ರಿಂದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಅಂತ ನಡೆಸಿದವು. ಸರ್ಕಾರಿ ಹೈಸ್ಕೂಲಿನ ಮಾಸ್ತರರಿಗೆ ಉಬುಂಟು, ಜಿಯೋಜಿಬ್ರಾದಂಥ ಮುಕ್ತ ತಂತ್ರಾಂಶ ಕಲಿಸಿ, ಪಾಠದ ಸಾಮಗ್ರಿಯನ್ನು ಅವರೇ ಮಾಡಿ ಕನ್ನಡದಲ್ಲಿ ಹಂಚಿಕೊಳ್ಳುವ ಹಾಗೆ ಮಾಡಿದವು. ಯಾವುದೋ ಕಂಪನಿ ತುಂಬಿಕೊಟ್ಟ ಸ್ಮಾರ್ಟ್ ಕ್ಲಾಸಿನ ಡಬ್ಬಿಗಿಂತ ಅದು ಎಷ್ಟೋ ಮೇಲು ಅಂತ ನನ್ನ ಎಣಿಕೆ, ಮಾಸ್ತರರನ್ನು ಗುಂಡಿ ಒತ್ತುವವರನ್ನಾಗಿ ನೋಡಲಿಲ್ಲ ಅನ್ನೋ ಒಂದೇ ಕಾರಣಕ್ಕಾದರೂ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲಾಯಿತು. ಕಲಬುರಗಿ ಶೇ. 42.43 ಪಡೆದು ಎಲ್ಲ ಜಿಲ್ಲೆಗಳ ಕೊನೆಗೆ ನಿಂತಿತು. ನೂರರಲ್ಲಿ 57 ಮಕ್ಕಳು ಫೇಲು. ಇದಕ್ಕೆ ಎಕ್ಸೆಲ್ ಮದ್ದು ಅಂತ ಹೇಳುವಷ್ಟು ಮುಗ್ಧ ನಾನಲ್ಲ. ಖಾಲಿ ಹುದ್ದೆ, ತೊಗರಿ ಕಟಾವಿನ ದಿನಗಳ ಗೈರುಹಾಜರಿ, ನಾಲ್ಕನೇ ಕ್ಲಾಸಿನಲ್ಲೇ ಓದಲು ಬಾರದೆ ಮುಂದೆ ಬಂದವರು, ಇವು ಯಾವ ತಂತ್ರಾಂಶಕ್ಕೂ ಬಗ್ಗೋದಿಲ್ಲ. ಆದರೆ ಆ 57 ಮಕ್ಕಳು ಎಲ್ಲಿ ಎಡವಿದರು ಅನ್ನೋದು ಆ ಎರಡನೇ ಫೋಲ್ಡರಿನಲ್ಲಿ ಇಲ್ಲ ಅನ್ನೋದು ನನ್ನನ್ನು ಕಾಡುತ್ತೆ. ಅಲ್ಲಿರೋದು ಒಟ್ಟು ಅಂಕ, ಪಾಸು, ಫೇಲು. ಗಣಿತದ ಪತ್ರಿಕೆಯಲ್ಲಿ 38 ಪ್ರಶ್ನೆ, 80 ಅಂಕ. 80ಕ್ಕೆ 19 ತೆಗೆದ ಹುಡುಗಿಗೆ ಸಮೀಕರಣ ಬರೋದಿಲ್ಲವೋ, ರಚನೆ ಬರೋದಿಲ್ಲವೋ, ಅಥವಾ ಕೊನೇ ನಾಲ್ಕು ಪ್ರಶ್ನೆಗೆ ಟೈಮು ಸಾಲಲಿಲ್ಲವೋ? 19 ಅನ್ನೋ ಅಂಕಿ ಏನೂ ಹೇಳೋದಿಲ್ಲ.

ಗೆಳೆಯನಿಗೆ ಇದನ್ನು ಹೇಳಿದಾಗ ಅವನು ನಕ್ಕ. "ನಲವತ್ತು ಹುಡುಗರು, 38 ಪ್ರಶ್ನಿ. 1,520 ಮನಿ ತುಂಬೋರು ಯಾರಪ್ಪ? ಈಗ ತುಂಬೋದು ಸಾಲದೇನು?" ಅವನ ಸಿಟ್ಟು ನ್ಯಾಯದ್ದೇ. ಮೇಲಿನಿಂದ ವಾಟ್ಸಾಪಿನಲ್ಲಿ 'ತುರ್ತು' ಅಂತ ಬರುವ ಒಂದೊಂದು ನಮೂನೆಯೂ ಅವನ ಒಂದೊಂದು ಪಿರಿಯಡ್ಡು ತಿನ್ನುತ್ತೆ, ಅದರಿಂದ ಅವನ ಕ್ಲಾಸಿಗೆ ಏನೂ ತಿರುಗಿ ಬರೋದಿಲ್ಲ. ನಾನಂದೆ, ನೀನು ತುಂಬಬೇಡ, ಮಕ್ಕಳೇ ತುಂಬಲಿ. ತಿದ್ದಿದ ಉತ್ತರಪತ್ರಿಕೆ ಕೈಗೆ ಬಂದ ದಿನ ಪ್ರತಿಯೊಬ್ಬರೂ ತಂತಮ್ಮ ಸಾಲಿನ 38 ಮನೆ ತುಂಬಿದರೆ ಒಬ್ಬರಿಗೆ ಐದು ನಿಮಿಷ. ಹೆಸರು ಬೇಡ, ಬರೀ ನಂಬರು. ಯಾರ ಮಾನವೂ ಹೋಗೋದಿಲ್ಲ. ಪ್ರತಿ ಕಾಲಮಿನ ಕೆಳಗೆ ಸರಾಸರಿ ಹಾಕು, ಅರ್ಧಕ್ಕಿಂತ ಕಡಿಮೆ ಇದ್ದದ್ದು ಕೆಂಪಾಗೋ ಹಾಗೆ ಮಾಡು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲ್ಯಾಬಿನ್ಯಾಗ ನಡೆಯೋವು ನಾಕೇ ಸಿಸ್ಟಮ್ ಅವ" ಅಂದ. ನಾಲ್ಕು ಸಿಸ್ಟಮ್ಮಿಗೆ ನಲವತ್ತು ಮಕ್ಕಳು, ತಲೆಗೆ ಐದು ನಿಮಿಷ, ಐವತ್ತು ನಿಮಿಷ. ಒಂದು ಪಿರಿಯಡ್ಡಿಗೆ ಹತ್ತು ನಿಮಿಷ ಜಾಸ್ತಿ. ಪಿಟಿ ಮಾಸ್ತರರ ಹತ್ತಿರ ಆ ಹತ್ತು ನಿಮಿಷ ಇಸಕೊಳ್ಳಬೇಕು, ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮರುವಾರ ಮಾಡೋಣ ಅಂತ ಮಾತಾಗಿದೆ. ಖಾಲಿ ಶೀಟು ನಾನು ಮಾಡಿ ಕಳಿಸಿದ್ದೇನೆ, ಲಿಬ್ರೆಆಫೀಸಿನಲ್ಲಿ, ಯೂನಿಕೋಡಿನಲ್ಲಿ. ಸ್ಟೇಶನ್ ಬಜಾರದ ಅಂಗಡಿಯ ಸಿಸ್ಟಮ್ಮಿನಲ್ಲೂ ತೆರೆದು ನೋಡಿದೆ, ಅಕ್ಷರ ಕೂಡಿಕೊಂಡೇ ಇದ್ದವು.