ಪರದೆ ತೋರಿಸುವುದು, ಕೈಪಿಡಿ ಹೇಳಬೇಕಾದುದು

ತಂತ್ರಾಂಶವೊಂದರ ಕೈಪಿಡಿಯು ಏನನ್ನು ವಿವರಿಸಬೇಕು, ಏನನ್ನು ಪರದೆಗೇ ಬಿಡಬೇಕು ಎಂಬ ಪ್ರಶ್ನೆ ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದುದಲ್ಲ. ಶಾಸನ, ಕಡತ, ವರದಿಗಳ ಕಾಲಾನುಕ್ರಮಣಿಯನ್ನು ಎಕ್ಸೆಲ್ಲಿನಂತಹ ಕೋಷ್ಟಕ ತಂತ್ರಾಂಶದಲ್ಲಿ ಸಿದ್ಧಪಡಿಸುವ ಇತಿಹಾಸದ ವಿದ್ಯಾರ್ಥಿಗೂ ಅದು ಸೇರಿದೆ. ಆದುದರಿಂದ ಎಕ್ಸೆಲ್ಲಿನ ತೇದಿಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ.

ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದ ೨೫-೩-೧೮೮೧, ಕನ್ನಡನಾಡು ಒಂದುಗೂಡಿದ ೧-೧೧-೧೯೫೬, ಈ ಎರಡನ್ನು ಬರೆದು ನೋಡೋಣ. ಪರದೆಯ ಮೇಲೆ ಎರಡೂ ತೇದಿಗಳಾಗಿಯೇ ಕಾಣುತ್ತವೆ. ಆದರೆ ತಂತ್ರಾಂಶಕ್ಕೆ ಎರಡನೆಯದು ಮಾತ್ರ ತೇದಿ; ಮೊದಲನೆಯದು ಬರಿಯ ಅಕ್ಷರಗಳ ಸಾಲು. ವಾಡಿಕೆಯ ಏರ್ಪಾಡಿನಲ್ಲಿ ಎಕ್ಸೆಲ್ ೧೯೦೦ರ ಜನವರಿ ೧ನ್ನು ಮೊದಲ ದಿನವೆಂದೆಣಿಸಿ ಮುಂದಿನ ದಿನಗಳಿಗೆ ಕ್ರಮಸಂಖ್ಯೆ ಕೊಡುತ್ತದೆ. ಅದರ ಲೆಕ್ಕದಲ್ಲಿ ಅದಕ್ಕೂ ಹಿಂದಿನ ಕಾಲವೇ ಇಲ್ಲ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಸಂಖ್ಯೆಗಳು ಮೊದಲು, ಅಕ್ಷರಗಳು ಅನಂತರ ಬರುವುದರಿಂದ, ೧೮೮೧ರ ಘಟನೆ ೧೯೫೬ರ ಕೆಳಗೆ ಹೋಗಿ ಕೂರುತ್ತದೆ. ಒಂದು ಎಡಕ್ಕೂ ಮತ್ತೊಂದು ಬಲಕ್ಕೂ ಸರಿದು ನಿಲ್ಲುವುದೊಂದೇ ಪರದೆ ಕೊಡುವ ಸುಳಿವು. 'ಡೇಟ್' ಎಂಬ ಸೂತ್ರಕ್ಕೆ ೧೮೮೧ನೆಯ ವರ್ಷವನ್ನು ಕೊಟ್ಟರಂತೂ ೩೭೮೧ ಎಂಬ ಉತ್ತರ ಬರುತ್ತದೆ; ೧೯೦೦ಕ್ಕಿಂತ ಕಡಿಮೆಯಾದ ಸಂಖ್ಯೆಯನ್ನು ಅದು ೧೯೦೦ಕ್ಕೆ ಕೂಡಿಸಿಬಿಡುತ್ತದೆ.

ಯಾವ ಗುಂಡಿ ಎಲ್ಲಿದೆ, ಅದನ್ನು ಒತ್ತಿದರೆ ಯಾವ ಪಟ್ಟಿ ತೆರೆಯುತ್ತದೆ ಎಂಬುದನ್ನು ಪರದೆಯೇ ಹೇಳುತ್ತದೆ. ಅದನ್ನೇ ಪುಟಗಟ್ಟಲೆ ಪುನರುಕ್ತಿ ಮಾಡುವ ಕೈಪಿಡಿ ಗುಂಡಿಯ ಸ್ಥಾನ ಬದಲಾದೊಡನೆ ಹಳಸುತ್ತದೆ. ಪರದೆ ಹೇಳಲಾರದವು ಮೂರು: ಎಣಿಕೆಯ ಆಧಾರ, ಅದರ ಮಿತಿ, ಆ ಮಿತಿಯ ಕಾರಣ.

ಇದಕ್ಕೆ ಒಳ್ಳೆಯ ಮಾದರಿಯೂ ಎಕ್ಸೆಲ್ಲಿನಲ್ಲೇ ದೊರೆಯುತ್ತದೆ. ೧೯೦೦ ಅಧಿಕ ವರ್ಷವಲ್ಲ. ಆದರೂ ಎಕ್ಸೆಲ್ಲಿನಲ್ಲಿ ಆ ವರ್ಷಕ್ಕೆ ಫೆಬ್ರವರಿ ೨೯ ಉಂಟು. ಈ ತಪ್ಪು ಮೊದಲು ಲೋಟಸ್ ೧-೨-೩ ತಂತ್ರಾಂಶದಲ್ಲಿತ್ತೆಂದೂ, ಅದರೊಡನೆ ಹೊಂದಿಕೆಗಾಗಿ ಎಕ್ಸೆಲ್ ಅದನ್ನು ಅನುಸರಿಸಿತೆಂದೂ, ಈಗ ತಿದ್ದಿದರೆ ಇರುವ ಕೋಷ್ಟಕಗಳ ತೇದಿಗಳೆಲ್ಲ ಬಹುಮಟ್ಟಿಗೆ ಒಂದು ದಿನ ಹಿಂದೆ ಸರಿಯುವುವೆಂದೂ, ೧೯೦೦ರ ಮಾರ್ಚ್ ೧ಕ್ಕೆ ಮುಂಚಿನ ವಾರಗಳು ಮಾತ್ರ ತಪ್ಪುವುವೆಂದೂ ಮೈಕ್ರೋಸಾಫ್ಟ್ ಸಂಸ್ಥೆಯ ಟಿಪ್ಪಣಿ ಸ್ಪಷ್ಟವಾಗಿ ತಿಳಿಸುತ್ತದೆ. ದೋಷದ ಮೂಲ, ಅದನ್ನು ಉಳಿಸಿಕೊಂಡ ಕಾರಣ, ಅದರ ವ್ಯಾಪ್ತಿ, ಮೂರೂ ಇಲ್ಲಿವೆ. ಕೊರತೆಯೆಂದರೆ, ಇದು ಪ್ರತ್ಯೇಕ ಟಿಪ್ಪಣಿಯಾಗಿದೆ. ಸಂದೇಹವೇ ಹುಟ್ಟದವನು ಅದನ್ನು ಹುಡುಕಿ ಹೋಗಲಾರನು.

ಉತ್ತಮವಾದ ಪರದೆಗೆ ಕೈಪಿಡಿಯೇ ಬೇಡವೆಂಬ ವಾದವನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಎಚ್ಚರಿಸುವುದು ಪರದೆಯ ಕೆಲಸ; ಕಾರಣವನ್ನು ತಿಳಿಸುವುದು ಕೈಪಿಡಿಯದು. ಗ್ರಂಥಸಂಪಾದಕನು ಕಣ್ಣೆದುರಿಗಿರುವ ಪಾಠವನ್ನೇ ಪೀಠಿಕೆಯಲ್ಲಿ ಮತ್ತೆ ಬರೆಯುವುದಿಲ್ಲ. ಯಾವ ಪ್ರತಿಯನ್ನು ಆಧರಿಸಿದೆ, ಪಾಠ ಎಲ್ಲಿ ಲುಪ್ತವಾಗಿದೆ ಎಂಬುದನ್ನು ಹೇಳುತ್ತಾನೆ. ಕೈಪಿಡಿಯೂ ಅಂತಹ ಪೀಠಿಕೆಯಾಗಬೇಕು. ಅಲ್ಲಿಯವರೆಗೆ ವರ್ಷ, ತಿಂಗಳು, ದಿನಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆದಿಡುವುದು ನಮ್ಮ ವಿದ್ಯಾರ್ಥಿಗಳಿಗೆ ಕ್ಷೇಮಕರ.