ಬಣ್ಣ ಆಮೇಲೆ, ಮೊದಲು ನೂಲು

ರತ್ನಗಂಬಳಿಯ ಅಂಗಡಿಗೆ ಹೋದರೆ ಮೊದಲು ಚಹಾ ಬರುತ್ತದೆ, ಹಿಂದೆಯೇ ಹಾಸುಗಳು ಬರುತ್ತವೆ. ಹುಡುಗರಿಬ್ಬರು ಒಂದರ ಮೇಲೊಂದು ಬಿಚ್ಚಿ ಹಾಸುತ್ತಲೇ ಹೋಗುತ್ತಾರೆ. ಹತ್ತು ಹನ್ನೆರಡು ನೋಡುವಷ್ಟರಲ್ಲಿ ಕಣ್ಣು ಸೋತಿರುತ್ತದೆ, ಮಾತು ಬೆಲೆಗೆ ಬಂದಿರುತ್ತದೆ. ಈ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆ ಒಂದೇ: ಇದು ಯಾವ ನೂಲು? ಅಪ್ಪಿತಪ್ಪಿ ಕೇಳಿದರೂ ‘ಸಿಲ್ಕ್ ಟಚ್ ಸಾರ್’, ‘ಪ್ರೀಮಿಯಂ ಸಾಫ್ಟ್ ಮೇಡಂ’ ಎಂಬ ಉತ್ತರ ಸಿಗುತ್ತದೆ. ಅವೆರಡೂ ನೂಲಲ್ಲ, ಮಾರಾಟದ ಮಾತು. ಬಣ್ಣ, ಬಳ್ಳಿ, ಅಂಚುಗಳ ವಿಷಯದಲ್ಲಿ ನಿಮ್ಮ ರುಚಿ ನಿಮಗೆ. ಹಾಸು ಹತ್ತು ವರ್ಷ ಬಾಳುತ್ತದೋ, ಎರಡನೇ ಮಳೆಗಾಲಕ್ಕೆ ಅಟ್ಟ ಸೇರುತ್ತದೋ ಎಂಬುದು ಮಾತ್ರ ನೂಲಿನ ಕೈಯಲ್ಲಿದೆ.

ನೂಲಿಗೂ ಮೊದಲು ನಿಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳಿ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು. ದಿನಾ ಕಸ ಗುಡಿಸಿ ನೆಲ ಒರೆಸುವವರು. ಕಿಟಕಿ ತೆರೆದಿಟ್ಟು ಬದುಕುವವರು, ಅಂದರೆ ಧೂಳಿಗೆ ಬಾಗಿಲು ಹಾಕದವರು. ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ ಹುಟ್ಟಿದ್ದು ಚಳಿಯ ದೇಶಗಳ ಹಲಗೆ ನೆಲಕ್ಕೆ, ಬೂಟುಗಾಲಿಗೆ. ಕಾವಿ ನೆಲ, ಕಡಪಾ ಕಲ್ಲು, ಈಗಿನ ವಿಟ್ರಿಫೈಡ್ ಟೈಲ್ಸ್ ಎಲ್ಲವನ್ನೂ ತಂಪಿಗೆಂದೇ ಹಾಕಿಸಿಕೊಂಡು, ಅದರ ಮೇಲೆ ಎತ್ತಲಾಗದ ಹಾಸನ್ನು ಅಂಟಿಸುವುದರಲ್ಲಿ ನನಗೆ ಅರ್ಥ ಕಂಡಿಲ್ಲ. ಧೂಳಿನ ಹುಳಗಳಿಗೆ ಬೇಕಾದ ತೇವ ನಮ್ಮ ಗಾಳಿಯಲ್ಲಿ ಅರ್ಧ ವರ್ಷ ಇರುತ್ತದೆ. ಮನೆಯಲ್ಲಿ ಒಬ್ಬರಿಗೆ ಉಬ್ಬಸವಿದ್ದರೂ ಸಾಕು, ಆ ಹಾಸು ದಿನಾ ತೊಂದರೆ ಕೊಡುತ್ತದೆ. ಆದ್ದರಿಂದ ನನ್ನ ಲೆಕ್ಕ ಇಲ್ಲಿಂದ ಶುರುವಾಗುತ್ತದೆ: ಇಬ್ಬರು ಸೇರಿ ಎತ್ತಿ, ಟೆರೇಸಿಗೆ ಒಯ್ದು, ಕೊಡವಿ, ಬಿಸಿಲಿಗೆ ಹಾಕಲು ಆಗದ ಹಾಸು ನಮ್ಮ ಮನೆಗೆ ಬೇಡ.

ಈ ಲೆಕ್ಕದಲ್ಲಿ ಮೊದಲ ಸ್ಥಾನ ಹತ್ತಿಗೆ. ಹತ್ತಿ ಎಂದರೆ ಜಮಖಾನೆ. ಮದುವೆ ಮನೆಯಲ್ಲಿ, ಭಜನೆಯಲ್ಲಿ, ಸಂಗೀತ ಕಛೇರಿಯಲ್ಲಿ ಕೂತೆದ್ದ ಹಾಸು ಎಂಬ ಸಲಿಗೆಯಿಂದಲೋ ಏನೋ, ಅದನ್ನು ಹಾಲಿಗೆ ತರಲು ಜನ ಹಿಂಜರಿಯುತ್ತಾರೆ. ಅವರಿಗೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯನ್ನು ಒಮ್ಮೆ ತೋರಿಸಬೇಕು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಹೆಂಗಸರೇ ನೇಯುವ ಹಾಸು ಅದು. ಹೊಕ್ಕಿನ ಎಳೆಗಳನ್ನು ಕಬ್ಬಿಣದ ಪಂಜದಿಂದ ಬಡಿದು ಬಡಿದು ಕೂರಿಸುತ್ತಾರೆ. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆ ಕಣ್ಣಿಗೆ ಕಾಣದಷ್ಟು ಒತ್ತಾಗಿ ಹೊಕ್ಕು ಮುಚ್ಚಿಕೊಳ್ಳುವುದರಿಂದ ನವಿಲಾಗಲಿ, ಚೌಕಳಿಯಾಗಲಿ ಎರಡೂ ಬದಿಯಲ್ಲಿ ಒಂದೇ ರೀತಿ ಮೂಡುತ್ತದೆ. ಒಂದು ಬದಿ ಕೊಳೆಯಾದರೆ ಮಗುಚಿ ಹಾಕಬಹುದು, ಅಂದರೆ ಒಂದು ಹಾಸಿಗೆ ಎರಡು ಆಯುಷ್ಯ. ವಿಜಯಪುರದ ಆದಿಲ್‌ಶಾಹಿ ಕಾಲದಲ್ಲಿ ಅಲ್ಲಿಂದ ಬಂದ ನೇಕಾರರು ಈ ಕಸುಬನ್ನು ನವಲಗುಂದಕ್ಕೆ ತಂದರು ಎಂದು ಅಲ್ಲಿನವರು ಹೇಳುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಮಾನ್ಯತೆ ಬಂದರೂ ನೇಯುವ ಕೈಗಳು ಹೆಚ್ಚಲಿಲ್ಲ. ಈಗ ತೀರಾ ಕೆಲವೇ ಮನೆಗಳಲ್ಲಿ ಮಗ್ಗ ಆಡುತ್ತಿದೆ. 19ನೇ ಶತಮಾನದ ಬೆಂಗಳೂರು ಕೂಡ ಎರಡೂ ಬದಿ ಒಂದೇ ವಿನ್ಯಾಸದ, ಗಟ್ಟಿ ಬಾಳಿಕೆಯ ಹಾಸುಗಳಿಗೆ ಹೆಸರಾಗಿತ್ತು. ಆ ಕಸುಬು ನಗರದ ನೆನಪಿನಿಂದಲೇ ಅಳಿಸಿಹೋಗಿದೆ.

ಹತ್ತಿಯ ದೋಷಗಳನ್ನೂ ಹೇಳಬೇಕು. ಹಗುರವಾದ್ದರಿಂದ ನುಣ್ಣನೆಯ ಟೈಲ್ಸ್ ಮೇಲೆ ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಅಡಿಗೆ ರಬ್ಬರಿನ ಜಾಲರಿ ಹಾಕಲೇಬೇಕು. ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಬಣ್ಣ ಬಿಡುವುದೂ ಉಂಟು: ಕೊಳ್ಳುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಕೆಂಪು, ಕಪ್ಪು ಭಾಗಗಳನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಎದ್ದು ಬನ್ನಿ. ನೀರು ಕುಡಿದ ಜಮಖಾನೆ ಹೊರಲಾಗದಷ್ಟು ಭಾರವಾಗುತ್ತದೆ, ಆರಲು ಒಳ್ಳೆಯ ಬಿಸಿಲು ಬೇಕು. ಹಾಗಾಗಿ ಒಗೆಯುವ ಕೆಲಸ ಫೆಬ್ರುವರಿ, ಮಾರ್ಚಿನಲ್ಲಿ ಮುಗಿಯಬೇಕು.

ಇನ್ನು ಉಣ್ಣೆ. ಹಾಸುಗಳ ಲೋಕದಲ್ಲಿ ಇದಕ್ಕೆ ಎದುರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸೈಬೀರಿಯಾದ ಆಲ್ಟಾಯ್ ಬೆಟ್ಟಗಳ ಪಜೀರಿಕ್‌ನಲ್ಲಿ 1949ರಲ್ಲಿ ಅಗೆದಾಗ ಹಿಮಗಟ್ಟಿದ ಸಮಾಧಿಯೊಳಗೆ ಸಿಕ್ಕ ಗಂಟು ಹಾಕಿದ ಹಾಸು ಸುಮಾರು 2,400 ವರ್ಷ ಹಳೆಯದು. ಕುದುರೆ ಸವಾರರು, ಜಿಂಕೆಗಳು ಇನ್ನೂ ಬಣ್ಣ ಉಳಿಸಿಕೊಂಡಿವೆ. ಅದು ಉಣ್ಣೆಯದು. ಕಾಪಾಡಿದ್ದು ಹಿಮವೇ ಇರಬಹುದು, ಆದರೂ ಮನುಷ್ಯರು ಇಷ್ಟು ಕಾಲದಿಂದ ಹಾಸಿಗೆ ಉಣ್ಣೆಯನ್ನೇ ಆರಿಸುತ್ತ ಬಂದದ್ದಕ್ಕೆ ಕಾರಣಗಳಿವೆ. ಉಣ್ಣೆಯ ಎಳೆ ಹುಟ್ಟಿನಿಂದಲೇ ಸುರುಳಿ. ಸೋಫಾದ ಕಾಲು ಒತ್ತಿದ ಜಾಗ, ಕಾಲು ಸರಿಸಿದ ಮೇಲೆ ಸ್ಪ್ರಿಂಗಿನ ಹಾಗೆ ನಿಧಾನವಾಗಿ ಎದ್ದು ನಿಲ್ಲುತ್ತದೆ. ಎಳೆಯ ಮೇಲಿನ ಜಿಡ್ಡು ಚೆಲ್ಲಿದ ನೀರನ್ನು ಕ್ಷಣಕಾಲ ತಡೆಯುತ್ತದೆ, ಒರೆಸಲು ನಿಮಗೆ ಸಮಯ ಕೊಡುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದಾಗ ಒದ್ದೆ ಎನಿಸುವುದಿಲ್ಲ. ದೀಪದ ಕಿಡಿ ಬಿದ್ದರೆ ಭಗ್ಗನೆ ಹೊತ್ತಿಕೊಳ್ಳದೆ ಕರಕಲಾಗಿ ಅಲ್ಲೇ ನಂದುತ್ತದೆ. ದೇವರ ಮನೆಯ ಪಕ್ಕದ ಹಾಸಿಗೆ ಇದು ಸಣ್ಣ ಗುಣವಲ್ಲ.

ಎಲ್ಲ ಉಣ್ಣೆಯೂ ಒಂದೇ ಅಲ್ಲ. ಉತ್ತರ ಪ್ರದೇಶದ ಭದೋಹಿಯ ನೇಕಾರರು ಬಿಕಾನೇರ್ ಕಡೆಯ ಒರಟು, ಹೊಳಪಿನ ಉಣ್ಣೆಗೆ ನ್ಯೂಜಿಲೆಂಡಿನ ಮೆದು ಉಣ್ಣೆಯನ್ನು ಬೆರೆಸುವುದು ವಾಡಿಕೆ. ಒರಟು ಎಳೆ ಬಾಳಿಕೆಗೆ, ಮೆದು ಎಳೆ ಪಾದಕ್ಕೆ. ಬರೀ ಮೆದು ಇದ್ದ ಹಾಸು ಮೊದಲ ವರ್ಷ ಚೆನ್ನ, ಆಮೇಲೆ ಓಡಾಡುವ ದಾರಿಯಲ್ಲಿ ಕೂದಲುದುರಿ ಬೋಳಾಗುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆಯಂತೂ ಇನ್ನೂ ಒರಟು. ಅದರಲ್ಲಿ ನೇಯ್ದು ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿಗೊಳಿಸುವ ಕರಿ ಕಂಬಳಿ, ಮಳೆಯಲ್ಲಿ ಕುರಿಗಾಹಿಯ ತಲೆಯನ್ನೂ ಚಳಿಯಲ್ಲಿ ಅವನ ಬೆನ್ನನ್ನೂ ಕಾಯುತ್ತದೆ. ಹಾಲುಮತದವರು ಅದನ್ನೇ ಹಾಸಿ ಕಂಬಳಿ ಗದ್ದಿಗೆ ಮಾಡಿ ಪೂಜಿಸುತ್ತಾರೆ. ಬರಿಗಾಲಿಗೆ ಚುಚ್ಚುವುದು ನಿಜ. ಆದರೆ ಓದುವ ಕೋಣೆಯಲ್ಲಿ, ಕೆಂಪು ನೆಲದ ಮೇಲೆ ಒಂದು ಚಳ್ಳಕೆರೆ ಕಂಬಳಿ ಹಾಸಿ ನೋಡಿ. ಆಮದು ಹಾಸಿಗೆ ಆ ಗಾಂಭೀರ್ಯ ಬರುವುದಿಲ್ಲ. ಮೆತ್ತನೆಯ ಉಣ್ಣೆಯೇ ಬೇಕೆಂದರೆ ದೂರ ಹೋಗಬೇಕಿಲ್ಲ. 1960ರ ದಶಕದಲ್ಲಿ ಬೈಲಕುಪ್ಪೆಗೂ ಮುಂಡಗೋಡಿಗೂ ಬಂದು ನೆಲೆಸಿದ ಟಿಬೆಟಿಯನ್ನರು ತಮ್ಮ ನೇಯ್ಗೆಯನ್ನೂ ಜೊತೆಗೆ ತಂದರು. ಕಬ್ಬಿಣದ ಸಲಾಕೆಗೆ ನೂಲು ಸುತ್ತಿ, ಸಾಲು ಮುಗಿದ ಮೇಲೆ ಚಾಕುವಿನಿಂದ ಸೀಳಿ ಎಳೆ ಬಿಡಿಸುವ ವಿಧಾನ ಅದು. ಹಾಸು ದಪ್ಪಗೆ, ತೂಕವಾಗಿ ಬರುತ್ತದೆ.

ಉಣ್ಣೆಗೆ ಶತ್ರು ಹುಳು. ಅದರಲ್ಲೂ ಬೆವರು, ಎಣ್ಣೆ, ತಿಂಡಿಯ ಕಣ ಅಂಟಿದ ಉಣ್ಣೆ ಎಂದರೆ ಹುಳುಮರಿಗಳಿಗೆ ಹಬ್ಬ. ಆದ್ದರಿಂದ ಕೊಳೆಯಾದ ಹಾಸನ್ನು ಹಾಗೇ ಸುತ್ತಿ ಅಟ್ಟಕ್ಕೆ ಎಸೆಯಬೇಡಿ. ಕೊಡವಿ, ಬಿಸಿಲು ಕಾಣಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕತ್ತಲೆಯ ಮೂಲೆಯಲ್ಲಿ, ಮಂಚದ ಕೆಳಗೆ ಸಿಕ್ಕಿಕೊಂಡ ಭಾಗವನ್ನೇ ಹುಳು ಮೊದಲು ತಿನ್ನುವುದು, ಅದನ್ನು ಆಗಾಗ ಎಳೆದು ನೋಡಿ. ಮಡಿಕೇರಿ, ಆಗುಂಬೆ ಕಡೆಯವರು ಮತ್ತು ಕರಾವಳಿಯವರು ಮೇ ಕೊನೆಗೆ ಉಣ್ಣೆ ಸುತ್ತಿಟ್ಟು ಮಳೆ ಮುಗಿದ ಮೇಲೆ ಹಾಸುವುದೇ ಸರಿ. ಒಣ ಹವೆಯ ಬೀದರ, ಕಲಬುರಗಿ, ಬಳ್ಳಾರಿಯವರಿಗೆ ಈ ಚಿಂತೆ ಕಡಿಮೆ.

ಈಗ ಕೋಪದ ವಿಷಯ. ಅಂಗಡಿಗಳಲ್ಲಿ ‘ಆರ್ಟ್ ಸಿಲ್ಕ್’, ‘ಬ್ಯಾಂಬೂ ಸಿಲ್ಕ್’, ‘ಬನಾನಾ ಸಿಲ್ಕ್’ ಎಂದು ಫಳಫಳ ಹೊಳೆಯುವ ಹಾಸುಗಳಿವೆಯಲ್ಲ, ಬಹುಪಾಲು ವಿಸ್ಕೋಸ್. ಅಂದರೆ ಮರದ ಅಥವಾ ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಮತ್ತೆ ಎಳೆ ಮಾಡಿದ್ದು. ಸೀರೆಗೆ, ಅಂಗಿಗೆ ಅದು ತಕ್ಕುದಾಗಿರಬಹುದು, ನೆಲಕ್ಕೆ ಅಲ್ಲ. ಒದ್ದೆಯಾದರೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನೀರು ಬಿದ್ದ ಜಾಗ ಹಳದಿಗಟ್ಟಿ ಬಿರುಸಾಗುತ್ತದೆ, ಒತ್ತಿದ ಎಳೆ ಮತ್ತೆ ಏಳುವುದಿಲ್ಲ. ದಿನಾ ನೆಲ ಒರೆಸುವ ಮನೆಗೆ ನೀರು ಕಂಡರೆ ಹೆದರುವ ಹಾಸನ್ನು ರೇಷ್ಮೆಯ ಹೆಸರಿನಲ್ಲಿ ಮಾರುವುದನ್ನು ನಾನು ವ್ಯಾಪಾರ ಎನ್ನಲಾರೆ. ಅಸಲಿ ರೇಷ್ಮೆಯ ಹಾಸು ಬೇಕೆಂದರೆ ಕಾಶ್ಮೀರದ್ದನ್ನು ನೋಡಬೇಕು. ಅಲ್ಲಿ ‘18 ಬೈ 18’ ಎಂದರೆ ಒಂದು ಚದರ ಇಂಚಿನಲ್ಲಿ 324 ಗಂಟು. ಆದರೆ ಅದನ್ನೂ ಓಡಾಡುವ ದಾರಿಗೆ ಹಾಸಬೇಡಿ, ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ.

ಕೃತಕ ಎಳೆಗಳನ್ನು ನಾನು ಹೀಗಳೆಯುವವನಲ್ಲ. ಸಿಟೌಟಿಗೆ, ಬಾಲ್ಕನಿಗೆ, ನಾಯಿಯಿರುವ ಮನೆಗೆ ಪಾಲಿಪ್ರೊಪಿಲೀನ್ ಸಾಕು. ಅದು ನೀರನ್ನು ಹೀರುವುದೇ ಇಲ್ಲ, ಕೊಳೆಯುವುದಿಲ್ಲ, ಪೈಪ್ ಹಿಡಿದು ತೊಳೆದರೆ ಮುಗಿಯಿತು. ಎಣ್ಣೆ ಜಿಡ್ಡು ಮಾತ್ರ ಬಿಡದೆ ಹಿಡಿಯುತ್ತದೆ. ಸುಮಾರು 160 ಡಿಗ್ರಿಗೆ ಕರಗುವ ವಸ್ತುವಾದ್ದರಿಂದ ಊದುಬತ್ತಿಯ ಕಿಡಿಗೂ ತೂತಾಗುತ್ತದೆ. ನೈಲಾನ್ ಅದಕ್ಕಿಂತ ಗಟ್ಟಿ, ತುಳಿದರೆ ಮತ್ತೆ ಏಳುತ್ತದೆ, ಜನಸಂಚಾರದ ಜಾಗಕ್ಕೆ ಸರಿ. ಪಾಲಿಯೆಸ್ಟರ್‌ನ ಉದ್ದ ಕೂದಲಿನ ಹಾಸು ಮೆತ್ತಗಿರುತ್ತದೆ, ಬೇಗ ಚಪ್ಪಟೆಯಾಗುತ್ತದೆ.

ಸೆಣಬು ನೋಡಲು ಅಂದ, ನೀರು ಬಿದ್ದರೆ ಕಂದು ಕಲೆ. ತೆಂಗಿನ ನಾರು ಹೊಸ್ತಿಲಾಚೆಗೆ, ಅಲ್ಲಿ ಅದನ್ನು ಮೀರಿಸುವುದು ಇಲ್ಲ.

ಊಟದ ಮೇಜಿನ ಕೆಳಗೆ ಏನು ಹಾಸಲಿ ಎಂದು ಕೇಳುವವರಿದ್ದಾರೆ. ಏನೂ ಬೇಡ. ಸಾರು, ಹುಳಿ, ಒಗ್ಗರಣೆಯ ಮನೆಗಳು ನಮ್ಮವು. ಅರಿಸಿನ ಬರಿ ಕಲೆಯಲ್ಲ, ಬಣ್ಣವೇ. ಹತ್ತಿ, ಉಣ್ಣೆ, ನೈಲಾನ್ ಮೂರಕ್ಕೂ ಕೂತುಬಿಡುತ್ತದೆ. ಬಿದ್ದೇ ಬಿಟ್ಟಿದ್ದರೆ ಸೋಪು ಹಚ್ಚಿ ಉಜ್ಜಬೇಡಿ, ಕ್ಷಾರಕ್ಕೆ ಅದು ಕೆಂಪಾಗುತ್ತದೆ. ತಣ್ಣೀರಲ್ಲಿ ಒತ್ತಿ ತೆಗೆದು ಬಿಸಿಲಿಗೆ ಹಾಕಿ. ಅರಿಸಿನದ ಬಣ್ಣ ಬಿಸಿಲಿಗೆ ಸೋಲುತ್ತದೆ.

ಕೊನೆಗೆ, ಅಂಗಡಿಯಲ್ಲಿ ಮಾಡಬೇಕಾದ್ದು. ಹಾಸನ್ನು ಮಗುಚಿ. ಹಿಂಬದಿಯಲ್ಲಿ ಗಂಟುಗಳೂ ವಿನ್ಯಾಸವೂ ಕಂಡರೆ ಕೈಯಲ್ಲಿ ಗಂಟು ಹಾಕಿದ್ದಿರಬಹುದು. ಬಟ್ಟೆ ಅಂಟಿಸಿ ಮುಚ್ಚಿದ್ದರೆ ಅದು ಟಫ್ಟೆಡ್: ಪಿಸ್ತೂಲಿನಂಥ ಯಂತ್ರದಿಂದ ನೂಲು ಚುಚ್ಚಿ ಲ್ಯಾಟೆಕ್ಸ್ ಅಂಟಿನಲ್ಲಿ ಹಿಡಿಸಿದ್ದು. ಉಣ್ಣೆ ಎಷ್ಟೇ ಒಳ್ಳೆಯದಿದ್ದರೂ ನಮ್ಮ ಬೇಸಗೆಗಳನ್ನು ಕಂಡ ಅಂಟು ಒಣಗಿ ಪುಡಿಯಾಗಿ ನೆಲಕ್ಕೆ ಉದುರುತ್ತದೆ. ಅದನ್ನು ಗಂಟಿನ ಹಾಸಿನ ಬೆಲೆಗೆ ಕೊಳ್ಳಬೇಡಿ. ಕುಚ್ಚನ್ನೂ ನೋಡಿ, ಗಂಟಿನ ಹಾಸಿನಲ್ಲಿ ಅದು ಉದ್ದಕ್ಕೆ ಕಟ್ಟಿದ ಎಳೆಯದೇ ಮುಂದುವರಿಕೆ, ಬೇರೆಡೆ ಹೊಲಿದು ಸೇರಿಸಿದ ಅಲಂಕಾರ. ಅನುಮಾನ ಉಳಿದರೆ ಒಂದೆಳೆ ಕೇಳಿ ಪಡೆದು ಹೊರಗೆ ತಟ್ಟೆಯ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ ಅಥವಾ ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ಕೃತಕ.

ಬಿಲ್ಲಿನಲ್ಲಿ ‘ಕಾರ್ಪೆಟ್ – 1’ ಎಂದಷ್ಟೇ ಬರೆದರೆ ಒಪ್ಪಬೇಡಿ. ನೂಲು ಯಾವುದು, ಗಂಟಿನದೋ ಅಂಟಿನದೋ, ಎರಡನ್ನೂ ಬರೆಸಿಕೊಳ್ಳಿ. ಬರೆದು ಕೊಡಲು ತಡವರಿಸುವ ಅಂಗಡಿಯ ಚಹಾ ಕುಡಿದು, ದುಡ್ಡು ಜೇಬಲ್ಲೇ ಇಟ್ಟುಕೊಂಡು ಹೊರಬನ್ನಿ.